ನೆಲಕ್ಕೆ ಬಿದ್ದ ಹಕ್ಕಿಯ ಮುಂದೆ

ಆಷಾಢದ ಒಂದು ಭಾನುವಾರ ಸಂಜೆ ನಮ್ಮ ಬೀದಿಯ ಮಳೆಮರದಲ್ಲಿ ಹದ್ದೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಯಾರದೋ ಗಾಳಿಪಟದ ಮಾಂಜಾ ದಾರ ಎಡರೆಕ್ಕೆಗೆ ಸುತ್ತಿಕೊಂಡು, ಇನ್ನೊಂದು ತುದಿ ಕೊಂಬೆಗೆ ಬಿಗಿದಿತ್ತು. ಬಿಡಿಸಿಕೊಳ್ಳಲು ರೆಕ್ಕೆ ಬಡಿದಷ್ಟೂ ದಾರ ಮಾಂಸದೊಳಕ್ಕೆ ಇಳಿಯುತ್ತಿತ್ತು. ಮರದ ಕೆಳಗೆ ಹತ್ತಿಪ್ಪತ್ತು ಜನ ಸೇರಿದ್ದರು. ಅರ್ಧ ಗಂಟೆಯಲ್ಲಿ ಅಲ್ಲಿ ನಾಲ್ಕು ಥರದ ಮಾತು ಕೇಳಿದೆ. ‘ಪಾಪ, ಮೊದಲು ಇಳಿಸಿ ಬಾಯಿಗಿಷ್ಟು ನೀರು ಬಿಡಿ’ ಎಂದರು ಎದುರುಮನೆಯ ಅಜ್ಜಿ. ‘ಕಾಡುಹಕ್ಕಿ ಕಣ್ರೀ, ಅದರ ಪಾಡಿಗೆ ಬಿಟ್ಟುಬಿಡಿ’ ಎಂದ ಒಬ್ಬ ಹುಡುಗ. ‘ಮುಟ್ಟಬೇಡ್ರಪ್ಪಾ, ಹಕ್ಕಿಜ್ವರ ಇರುತ್ತೆ’ ಎಂದು ತಾಯಿಯೊಬ್ಬರು ಮಗುವನ್ನು ಹಿಂದಕ್ಕೆಳೆದುಕೊಂಡರು. ‘ಫಾರೆಸ್ಟ್‌ನೋರಿಗೆ ಹೇಳದೆ ಕೈ ಹಾಕಿದ್ರೆ ಕೇಸ್ ಆಗುತ್ತೆ ಸಾರ್’ ಎಂದರು ಮೂಲೆ ಅಂಗಡಿಯವರು.

ನಾಲ್ವರಲ್ಲಿ ಯಾರೂ ತಪ್ಪು ಹೇಳಿರಲಿಲ್ಲ, ಯಾರ ಮಾತೂ ಪೂರ್ತಿ ಸರಿಯಾಗಿಯೂ ಇರಲಿಲ್ಲ. ಗಾಯಗೊಂಡ ಕಾಡುಹಕ್ಕಿಗೆ ನೆರವಾಗಬೇಕೇ, ಆದರೆ ಎಷ್ಟರ ಮಟ್ಟಿಗೆ, ಅದರಿಂದ ಯಾರಿಗೆ ಅಪಾಯ ಎಂಬ ಪ್ರಶ್ನೆಯ ಸುತ್ತ ಕಟ್ಟಿಕೊಂಡಿರುವ ವಾದಗಳೆಲ್ಲ ಹೆಚ್ಚುಕಡಿಮೆ ಈ ನಾಲ್ಕು ಮಾತುಗಳಲ್ಲೇ ಅಡಗಿವೆ. ಅವು ಎಲ್ಲಿಂದ ಬಂದವು, ಯಾವುದು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ.

ಮೂರು ಕಥೆಗಳು, ಒಂದು ಆಸ್ಪತ್ರೆ

ಗಾಯಗೊಂಡ ಹಕ್ಕಿ ನಮ್ಮ ನೆನಪಿನಲ್ಲಿ ಬಹಳ ಹಿಂದಿನಿಂದಲೂ ಇದೆ. ಬೇಡನ ಬಾಣಕ್ಕೆ ಉರುಳಿದ ಕ್ರೌಂಚವನ್ನು ಕಂಡ ಸಂಕಟದಿಂದಲೇ ಆದಿಕಾವ್ಯ ಹುಟ್ಟಿತು ಎಂಬುದು ನಂಬಿಕೆ. ಆ ಕಾವ್ಯದೊಳಗೂ ರೆಕ್ಕೆ ಕಡಿಸಿಕೊಂಡ ಜಟಾಯು ರಾಮನ ಕಣ್ಣೆದುರೇ ಪ್ರಾಣ ಬಿಡುತ್ತಾನೆ. ಆದರೆ ಇಂದಿನ ಚರ್ಚೆಗೆ ಹೆಚ್ಚು ಹತ್ತಿರವಾದವು ಬೇರೆ ಎರಡು ಕಥೆಗಳು. ಒಂದು, ದೇವದತ್ತ ಹೊಡೆದ ಹಂಸವನ್ನು ಸಿದ್ಧಾರ್ಥ ಎತ್ತಿಕೊಂಡದ್ದು. ಅಲ್ಲಿ ಜಗಳ ಕರುಣೆಯ ಬಗ್ಗೆ ಅಲ್ಲ, ಹಕ್ಕಿ ಯಾರದು ಎಂಬ ಬಗ್ಗೆ: ಹೊಡೆದವನದೋ, ಉಳಿಸಿದವನದೋ? ಇನ್ನೊಂದು ಶಿಬಿಯದು. ತೊಡೆಯ ಮೇಲೆ ಬಿದ್ದ ಪಾರಿವಾಳವನ್ನು ಕಾಯುತ್ತೇನೆಂದ ರಾಜನಿಗೆ ಗಿಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ: ಅದನ್ನು ಉಳಿಸಿದರೆ ನನ್ನ ಊಟ ಏನು? ಹಕ್ಕಿಯ ಒಡೆತನದ ಪ್ರಶ್ನೆ, ಮಾಂಸಾಹಾರಿ ಹಕ್ಕಿಯ ಊಟದ ಪ್ರಶ್ನೆ ಎರಡೂ ಇವತ್ತಿಗೂ ಬಗೆಹರಿದಿಲ್ಲ; ಮುಂದೆ ಮತ್ತೆ ಎದುರಾಗುತ್ತವೆ.

ಕಥೆಗಳಿಂದ ಆಚೆಗೆ, ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದ್ದನ್ನು ಅಶೋಕನ ಎರಡನೆಯ ಬಂಡೆಶಾಸನ ಹೇಳುತ್ತದೆ. ಪಿಂಜರಾಪೋಲ ಎಂಬ ಜೈನರ ಪ್ರಾಣಿ ಆಶ್ರಯಗಳು ಆ ದಾರಿಯನ್ನು ಸಂಸ್ಥೆಯ ಮಟ್ಟಕ್ಕೆ ಒಯ್ದವು. 1623ರಲ್ಲಿ ಗುಜರಾತಿನ ಖಂಭಾತಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಅಲ್ಲಿ ಹಕ್ಕಿಗಳಿಗಾಗಿಯೇ ಇದ್ದ ಆಸ್ಪತ್ರೆಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ದೆಹಲಿಯ ಕೆಂಪುಕೋಟೆಯ ಎದುರು ದಿಗಂಬರ ಜೈನ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆ ಆ ಪರಂಪರೆಯದೇ. 1920ರ ದಶಕದ ಕೊನೆಯಲ್ಲಿ ಶುರುವಾದದ್ದು ಇಂದಿಗೂ ನಡೆಯುತ್ತಿದೆ.

ಶಿಬಿಯ ಗಿಡುಗ ಮತ್ತೆ ಬಂದು ಕೂತದ್ದು ಇಲ್ಲೇ. ಅಹಿಂಸೆಯ ಆವರಣದಲ್ಲಿ ಮಾಂಸ ತಿನ್ನುವ ಹಕ್ಕಿಯನ್ನು ಇಟ್ಟುಕೊಂಡು ಸಾಕುವುದು ಹೇಗೆ? ಹದ್ದಿನಂಥವಕ್ಕೆ ಔಷಧಿ ಹಾಕಿ ಕಳಿಸಬಹುದು, ಒಳರೋಗಿಯಾಗಿ ಸೇರಿಸಿಕೊಳ್ಳಲಾಗದು. ದೆಹಲಿಯ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಸೋದರರು ವಜೀರಾಬಾದಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಹದ್ದುಗಳ ಚಿಕಿತ್ಸೆ ಆರಂಭಿಸಿದ್ದಕ್ಕೆ ಈ ಬಿಕ್ಕಟ್ಟೇ ಕಾರಣ. ಗಾಯಗೊಂಡ ಹದ್ದಿಗೆ ಆಸ್ಪತ್ರೆಯಲ್ಲಿ ಜಾಗ ಸಿಗದಾಗ ತಾವೇ ರೆಕ್ಕೆ ಹೊಲಿಯುವುದನ್ನು ಕಲಿತರು. ಅವರ ಬದುಕನ್ನು ಕುರಿತು ಶೌನಕ್ ಸೇನ್ ಮಾಡಿದ ‘ಆಲ್ ದಟ್ ಬ್ರೀದ್ಸ್’ ಎಂಬ 2022ರ ಸಾಕ್ಷ್ಯಚಿತ್ರ ಸನ್‌ಡಾನ್ಸ್‌ನಲ್ಲೂ ಕಾನ್‌ನಲ್ಲೂ ಪ್ರಶಸ್ತಿ ಪಡೆಯಿತು. ಕರುಣೆಯ ಪಂಥಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ: ಯಾರಿಗೂ ಬೇಡವಾದ, ಕಸದ ಗುಡ್ಡೆಯ ಮೇಲೆ ಬದುಕುವ ಹಕ್ಕಿಗೆ ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟವರು ಅವರು.

ಎಣ್ಣೆ ಮೆತ್ತಿದ ರೆಕ್ಕೆಗಳು ಕಲಿಸಿದ್ದು

ಪಶ್ಚಿಮದಲ್ಲಿ ಈ ಕೆಲಸ ಸಾರ್ವಜನಿಕ ಪ್ರಶ್ನೆಯಾದದ್ದು ಕಡಲಿನ ತೈಲ ಸೋರಿಕೆಗಳಿಂದ. 1967ರ ಮಾರ್ಚಿನಲ್ಲಿ ಟಾರಿ ಕ್ಯಾನ್ಯನ್ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಬಂಡೆಗೆ ಬಡಿದು ತೈಲ ಚೆಲ್ಲಿದಾಗ ಸಾವಿರಾರು ಕಡಲಹಕ್ಕಿಗಳನ್ನು ಜನ ಮನೆಗೆ ತಂದು ತೊಳೆದರು. ಬಹುಪಾಲು ಸತ್ತುಹೋದವು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಎರಡು ಟ್ಯಾಂಕರುಗಳು ಡಿಕ್ಕಿ ಹೊಡೆದಾಗಲೂ ಅದೇ ಆಯಿತು. ಆಗ ಆಲಿಸ್ ಬರ್ಕ್‌ನರ್ ಎಂಬ ದಾದಿ ‘ಇಂಟರ್‌ನ್ಯಾಷನಲ್ ಬರ್ಡ್ ರೆಸ್ಕ್ಯೂ’ ಸಂಸ್ಥೆ ಕಟ್ಟಿದರು. ಯಾವ ಸೋಪು, ಎಷ್ಟು ಬಿಸಿಯ ನೀರು, ತೊಳೆಯುವ ಮೊದಲು ಹಕ್ಕಿಗೆ ಎಷ್ಟು ವಿಶ್ರಾಂತಿ ಎಂಬುದೆಲ್ಲ ಒಂದೊಂದಾಗಿ ಗೊತ್ತಾಗುತ್ತ ಹೋಯಿತು. ಕೊನೆಗೆ ಒದಗಿಬಂದದ್ದು ಅಡುಗೆಮನೆಯ ಪಾತ್ರೆ ತೊಳೆಯುವ ದ್ರವ.

ಆದರೆ ತೊಳೆದು ಬಿಟ್ಟ ಮೇಲೆ? ಈ ಪ್ರಶ್ನೆಯನ್ನು ನಿಷ್ಠುರವಾಗಿ ಕೇಳಿದವರು ಬ್ರಯಾನ್ ಶಾರ್ಪ್. ಬಿಡುಗಡೆಯಾದ ಹಕ್ಕಿಗಳ ಕಾಲುಂಗುರದ ದಾಖಲೆಗಳನ್ನು ಜೋಡಿಸಿ 1996ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇಡೀ ಕ್ಷೇತ್ರವನ್ನು ಅಲುಗಿಸಿತು. ಉತ್ತರ ಅಮೆರಿಕದಲ್ಲಿ ತೊಳೆದು ಬಿಟ್ಟ ಗಿಲಿಮಾಟ್ ಎಂಬ ಕಡಲಹಕ್ಕಿಗಳಲ್ಲಿ ಹೆಚ್ಚಿನವು ಕೆಲವೇ ದಿನ ಬದುಕಿದ್ದವು. ಹಾರಿಹೋದದ್ದನ್ನು ಕಂಡು ಜನ ಚಪ್ಪಾಳೆ ತಟ್ಟಿದ ಹಕ್ಕಿ ಅದೇ ವಾರ ಎಲ್ಲೋ ಅಲೆಗಳ ನಡುವೆ ಸಾಯುತ್ತಿತ್ತು.

ಇದಾಗಿ ನಾಲ್ಕೇ ವರ್ಷಕ್ಕೆ ತದ್ವಿರುದ್ಧವಾದ ಸಾಕ್ಷಿ ದಕ್ಷಿಣ ಆಫ್ರಿಕಾದಿಂದ ಬಂತು. 2000ದ ಜೂನ್‌ನಲ್ಲಿ ಕೇಪ್‌ಟೌನ್ ಬಳಿ ‘ಟ್ರೆಷರ್’ ಎಂಬ ಹಡಗು ಮುಳುಗಿದಾಗ ಸುಮಾರು 19,000 ಆಫ್ರಿಕನ್ ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿಕೊಂಡಿತು. ಸಾವಿರಾರು ಸ್ವಯಂಸೇವಕರು ಒಂದೊಂದನ್ನೇ ತೊಳೆದರು. ಬಹುಪಾಲು ಪೆಂಗ್ವಿನ್‌ಗಳು ಕಡಲಿಗೆ ಮರಳಿದವು, ವರ್ಷಗಟ್ಟಲೆ ಬದುಕಿದವು, ಮರಿ ಮಾಡಿದವು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಹೊತ್ತಿಗೆ ನಡೆದ ಇನ್ನೊಂದು ಕೆಲಸ. ಇನ್ನೂ ಎಣ್ಣೆ ತಾಗದ ಸುಮಾರು 19,500 ಪೆಂಗ್ವಿನ್‌ಗಳನ್ನು ಹಿಡಿದು ಲಾರಿಗಳಲ್ಲಿ ದೂರದ ಪೋರ್ಟ್ ಎಲಿಜಬೆತ್‌ಗೆ ಒಯ್ದು ಅಲ್ಲಿ ಸಮುದ್ರಕ್ಕೆ ಬಿಟ್ಟರು. ಅವು ಈಜಿಕೊಂಡು ಮನೆ ಸೇರುವಷ್ಟರಲ್ಲಿ ಕಡಲನ್ನು ಶುಚಿ ಮಾಡುವ ಸಮಯ ಸಿಕ್ಕಿತು. ಪೀಟರ್, ಪರ್ಸಿ, ಪಮೇಲಾ ಎಂದು ಹೆಸರಿಟ್ಟ ಮೂರು ಪೆಂಗ್ವಿನ್‌ಗಳಿಗೆ ಉಪಗ್ರಹ ಸಾಧನ ಕಟ್ಟಿದ್ದರಿಂದ ಆ ಈಜನ್ನು ಇಡೀ ದೇಶ ದಿನದಿನವೂ ನೋಡಿತು. ಗಾಯವಾದ ಮೇಲೆ ಮಾಡುವ ಆರೈಕೆಗೂ ಗಾಯವಾಗದಂತೆ ಎತ್ತಿಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಅಂದರೆ ‘ಹಕ್ಕಿ ರಕ್ಷಣೆಯಿಂದ ಉಪಯೋಗವಿದೆಯೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪೆಂಗ್ವಿನ್ ಗಟ್ಟಿ, ಗಿಲಿಮಾಟ್ ನಾಜೂಕು. ಗಾಜಿಗೆ ಬಡಿದ ಹಕ್ಕಿಯ ಲೆಕ್ಕ ಇನ್ನೊಂದು. ಅಮೆರಿಕದ ಈಶಾನ್ಯ ಭಾಗದಲ್ಲಿ ಕಟ್ಟಡಗಳಿಗೆ ಡಿಕ್ಕಿ ಹೊಡೆದು ಆರೈಕೆ ಕೇಂದ್ರ ಸೇರಿದ ಸುಮಾರು ಮೂರು ಸಾವಿರ ಹಕ್ಕಿಗಳ ದಾಖಲೆ ಪರಿಶೀಲಿಸಿದ 2024ರ ಅಧ್ಯಯನದಲ್ಲಿ ಶೇ. 60ರಷ್ಟು ಸತ್ತಿದ್ದವು. ಮೈಮೇಲೆ ಗಾಯ ಕಾಣದಿದ್ದರೂ ತಲೆಯೊಳಗೆ ರಕ್ತಸ್ರಾವವಾಗಿರುತ್ತದೆ.

ಒಂದು ಹಕ್ಕಿಯೋ, ಒಂದು ಸಂತತಿಯೋ

‘ಅದರ ಪಾಡಿಗೆ ಬಿಟ್ಟುಬಿಡಿ’ ಎಂದ ಹುಡುಗನ ಮಾತಿಗೂ ವಂಶಾವಳಿಯಿದೆ. ಅಮೆರಿಕದ ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್ ಅವರ ಪುಸ್ತಕ 1949ರಲ್ಲಿ ಬಂದ ಮೇಲೆ, ಬೆಲೆಯಿರುವುದು ಬಿಡಿ ಪ್ರಾಣಿಗಲ್ಲ, ನೆಲ ನೀರು ಗಿಡ ಪ್ರಾಣಿಗಳೆಲ್ಲ ಸೇರಿದ ಇಡೀ ಸಮುದಾಯಕ್ಕೆ ಎಂಬ ವಿಚಾರ ಬೇರೂರಿತು. ಈ ಕಣ್ಣಿನಿಂದ ನೋಡಿದರೆ ಗೂಡಿನಿಂದ ಬಿದ್ದ ಮರಿ ಇನ್ನೊಂದು ಜೀವಿಯ ಅಂದಿನ ಊಟ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನ ಮರಿಗಳು ಮೊದಲ ವರ್ಷ ದಾಟುವುದೇ ಇಲ್ಲ. ದಾಟಿದ್ದರೆ ಲೋಕ ಹಕ್ಕಿಗಳಿಂದಲೇ ತುಂಬಿಹೋಗುತ್ತಿತ್ತು. ಸಂರಕ್ಷಣೆಯ ಹಣ ಕೆರೆಗೆ, ಕಾಡಿಗೆ, ಹುಲ್ಲುಗಾವಲಿಗೆ ಹೋಗಬೇಕೇ ಹೊರತು ಆಸ್ಪತ್ರೆಗಲ್ಲ ಎಂಬುದು ಈ ಪಂಥದವರ ನಿಲುವು.

ಎದುರು ಪಕ್ಷದಲ್ಲಿ ಪೀಟರ್ ಸಿಂಗರ್, ಟಾಮ್ ರೀಗನ್ ಎಂಬ ದಾರ್ಶನಿಕರಿದ್ದಾರೆ. ನೋವು ಉಣ್ಣುವುದು ಸಂತತಿಯಲ್ಲ, ಬಿಡಿ ಜೀವ. ಲಕ್ಷ ಗಿಳಿಗಳಿವೆ ಎಂಬ ಮಾತಿನಿಂದ ಈ ಗಿಳಿಯ ನೋವು ಕಡಿಮೆಯಾಗುವುದಿಲ್ಲ.

ಈ ಎರಡರ ನಡುವೆ ದಾರ್ಶನಿಕರಾದ ಕ್ಲೇರ್ ಪಾಮರ್ 2010ರ ತಮ್ಮ ಪುಸ್ತಕದಲ್ಲಿ ಹಾಕಿಕೊಟ್ಟ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕಾಡಿನ ಪ್ರಾಣಿಗೆ ಕಾಡಿನಲ್ಲೇ ಆಗುವ ಕಷ್ಟಕ್ಕೆ ನಾವು ಹೊಣೆಯಲ್ಲ. ನಾವೇ ತಂದಿಟ್ಟ ಕಷ್ಟಕ್ಕೆ ಹೊಣೆ ನಮ್ಮದು. ಗಿಡುಗನ ಉಗುರಿನಿಂದ ತಪ್ಪಿಸಿಕೊಂಡು ಬಿದ್ದ ಪಾರಿವಾಳವೂ ಮಾಂಜಾ ಕೊಯ್ದು ಬಿದ್ದ ಹದ್ದೂ ಒಂದೇ ಅಲ್ಲ. ‘ಪ್ರಕೃತಿಗೆ ಬಿಡಿ’ ಎನ್ನುವವರು ಮಾಂಜಾ, ಗಾಜಿನ ಗೋಡೆ, ಹೈಟೆನ್ಷನ್ ತಂತಿ ಯಾವ ಪ್ರಕೃತಿಯವು ಎಂದು ಹೇಳಬೇಕಾಗುತ್ತದೆ. ಅಮೆರಿಕವೊಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರ ಅಂದಾಜು. ನಗರದಲ್ಲಿ ಬಿದ್ದ ಹಕ್ಕಿಯ ಹಿಂದೆ ಮನುಷ್ಯನ ಕೈವಾಡವನ್ನು ಹುಡುಕಲು ದೂರ ಹೋಗಬೇಕಿಲ್ಲ.

ಹೊಣೆಯ ಈ ವಾದಕ್ಕೂ ಒಂದು ಮಿತಿಯಿದೆ. ಬಿದ್ದದ್ದನ್ನು ಎತ್ತುವುದರಲ್ಲೇ ಹೊಣೆ ಮುಗಿಯಿತೆಂದು ಭಾವಿಸಿದರೆ, ದಾರದ ಅಂಗಡಿ ತೆರೆದೇ ಇರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮತ್ತಿತರ ಕೃತಕ ಮಾಂಜಾವನ್ನು 2017ರ ಜುಲೈನಲ್ಲಿ ದೇಶಾದ್ಯಂತ ನಿಷೇಧಿಸಿತು. ಕರ್ನಾಟಕದಲ್ಲೂ ಗಾಜಿನ ಪುಡಿ, ಲೋಹದ ಲೇಪವಿಲ್ಲದ ಹತ್ತಿ ದಾರಕ್ಕೆ ಮಾತ್ರ ಅನುಮತಿ. ಆದೇಶ ಬಂದ ಮೇಲೂ ನಮ್ಮ ಮಳೆಮರಕ್ಕೆ ಸಿಕ್ಕಿದ್ದು ಹರಿಯದ, ಕೊಳೆಯದ ನೈಲಾನೇ.

ಕೊಕ್ಕರೆ ಬೆಳ್ಳೂರು ತೋರಿಸಿದ ದಾರಿ

ಬಿಡಿ ಹಕ್ಕಿ ಮತ್ತು ಸಂತತಿ ಎಂಬ ಜಗಳ ತಾನಾಗಿ ಕರಗಿದ ಒಂದು ಜಾಗ ನಮ್ಮಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕರೆಯುತ್ತಾರೆ. ಅಂಗಳಕ್ಕೆ ಬೀಳುವ ಹಿಕ್ಕೆಯ ನಾತವನ್ನು ಸಹಿಸಿಕೊಂಡೇ ಆಡುವ ಮಾತು ಅದು. ಗಾಳಿಗೋ ಗೂಡಿನ ನೂಕಾಟಕ್ಕೋ ಮರಿಗಳು ಕೆಳಗೆ ಬೀಳುವುದು ಮೊದಲಿನಿಂದಲೂ ಇದ್ದದ್ದೇ. ನೆಲಕ್ಕೆ ಬಿದ್ದ ಮರಿಯನ್ನು ತಾಯಿ ಮತ್ತೆ ಮೇಲಕ್ಕೊಯ್ಯಲಾರದು; ಮರಿಯ ಪಾಲಿಗೆ ಅದು ಸಾವೇ.

1994ರಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಬಳಗ, ಮನು ಅವರ ಮುಂದಾಳತ್ವದಲ್ಲಿ, ಊರವರನ್ನು ಸೇರಿಸಿಕೊಂಡು ಕೆಲಸ ಶುರುಮಾಡಿತು. ಬಿದ್ದ ಮರಿಗಳನ್ನು ಎತ್ತಿ ತಂತಿಬೇಲಿಯ ಆವರಣದಲ್ಲಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕ್ರಮ ಅದು. ಊರಿನ ಹುಡುಗರೇ ‘ಹೆಜ್ಜಾರ್ಲೆ ಬಳಗ’ವಾದರು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶವಾಯಿತು. ಜಗತ್ತಿನಲ್ಲೇ ಕಡಿಮೆ ಸಂಖ್ಯೆಯಲ್ಲಿರುವ ಹಕ್ಕಿಯ ಒಂದೊಂದು ಮರಿಯೂ ಸಂತತಿಯ ಲೆಕ್ಕಕ್ಕೆ ಸೇರುತ್ತದೆ. ಮರಿಗಳು ಗುಂಪಿನಲ್ಲಿ, ತಮ್ಮವರ ಕಣ್ಣೆದುರೇ ಬೆಳೆಯುವುದರಿಂದ ತಾವು ಯಾರೆಂಬುದನ್ನು ಮರೆಯುವುದಿಲ್ಲ. ಇದು ಯಶಸ್ಸಿನ ಗುಟ್ಟು ಎಂದು ನನ್ನ ಎಣಿಕೆ.

ಆದರೆ 2017ರ ಕೊನೆಯಿಂದ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಜಂತುಹುಳುವಿನ ಬಾಧೆಯಿಂದ ಒಂದರ ಹಿಂದೊಂದು ಸತ್ತಾಗ ತಂತಿಬೇಲಿಯ ಆವರಣದಿಂದ ಏನೂ ಮಾಡಲಾಗಲಿಲ್ಲ. ಹುಳು ಬಂದದ್ದು ಅವು ಮೇಯುವ ಕೆರೆಗಳಿಂದ. ಲಿಯೋಪೋಲ್ಡ್ ಪಂಥದವರ ಮಾತು ಅಲ್ಲಿ ಸತ್ಯವಾಯಿತು.

ಹಕ್ಕಿ ಯಾರದು?

ಸಿದ್ಧಾರ್ಥ ಮತ್ತು ದೇವದತ್ತರ ವ್ಯಾಜ್ಯಕ್ಕೆ ಭಾರತದ ಕಾನೂನು ಕೊಟ್ಟಿರುವ ಉತ್ತರ: ಇಬ್ಬರದೂ ಅಲ್ಲ, ಸರ್ಕಾರದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. 39ನೇ ಕಲಮಿನ ಪ್ರಕಾರ ಸರ್ಕಾರದ ಸ್ವತ್ತಾದ ಕಾಡುಪ್ರಾಣಿ ಯಾವ ರೀತಿಯಲ್ಲೇ ಕೈಸೇರಿದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. 2022ರ ತಿದ್ದುಪಡಿ ಬರುವವರೆಗೆ ಕಾಗೆ ‘ಪೀಡೆ’ಗಳ ಪಟ್ಟಿಯಲ್ಲಿತ್ತು, ಈಗ ಆ ಪಟ್ಟಿಯೇ ಇಲ್ಲ. ಮೂಲೆ ಅಂಗಡಿಯವರ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಈ ಕಾನೂನು ಮನುಷ್ಯನ ಎದೆಗೆ ಹೇಗೆ ತಾಗುತ್ತದೆ ಎಂಬುದನ್ನು ಉತ್ತರ ಪ್ರದೇಶದ ಅಮೇಠಿಯ ಸಾರಸ ಪಕ್ಷಿಯ ಪ್ರಸಂಗ ತೋರಿಸಿತು. 2022ರಲ್ಲಿ ಹೊಲದಲ್ಲಿ ಕಾಲಿಗೆ ಪೆಟ್ಟಾಗಿ ಬಿದ್ದಿದ್ದ ಸಾರಸವನ್ನು ಯುವಕನೊಬ್ಬ ಮನೆಗೆ ತಂದು ಆರೈಕೆ ಮಾಡಿದ. ವಾಸಿಯಾದ ಮೇಲೂ ಹಕ್ಕಿ ಹೋಗಲಿಲ್ಲ. ಅವನ ತಟ್ಟೆಯಲ್ಲೇ ತಿಂದಿತು, ಬೈಕಿನ ಹಿಂದೆಯೇ ಹಾರಿತು. ಆ ದೃಶ್ಯಗಳನ್ನು ದೇಶವೇ ನೋಡಿತು. 2023ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಹಕ್ಕಿಯನ್ನು ಒಯ್ದು ಸಮಸ್‌ಪುರ ಪಕ್ಷಿಧಾಮದಲ್ಲಿ ಬಿಟ್ಟಿತು, ಅಲ್ಲಿಂದ ಅದು ಕಾನ್ಪುರದ ಮೃಗಾಲಯ ಸೇರಿತು. ಯುವಕನಿಗೆ ನೋಟಿಸ್ ಬಂತು. ವಾಲ್ಮೀಕಿಯ ಕ್ರೌಂಚ ಈ ಸಾರಸವೇ ಎಂದು ವಾದಿಸುವ ವಿದ್ವಾಂಸರಿದ್ದಾರೆ ಎಂಬುದನ್ನು ನೆನೆದರೆ ಮನಸ್ಸು ಇನ್ನಷ್ಟು ಭಾರವಾಗುತ್ತದೆ.

ಯಾರ ಕಡೆ ನಿಲ್ಲುವುದು? ಅವನ ಪ್ರೀತಿಯಲ್ಲಿ ನನಗೆ ಅನುಮಾನವೇ ಇಲ್ಲ. ಆದರೂ ಸಾರಸ ಜೋಡಿಯಾಗಿ ಬದುಕುವ ಹಕ್ಕಿ; ಮನುಷ್ಯನನ್ನೇ ತನ್ನ ಜೊತೆಗಾರ ಎಂದುಕೊಂಡರೆ ಅದರ ಸಂಸಾರ ಅಲ್ಲಿಗೇ ನಿಲ್ಲುತ್ತದೆ. ಹಾಗೆಯೇ ಪ್ರೀತಿಯ ಮನೆಯಿಂದ ಮೃಗಾಲಯದ ಬೇಲಿಯೊಳಕ್ಕೆ ಹೋದದ್ದನ್ನು ಬಿಡುಗಡೆ ಎನ್ನಲೂ ನಾಲಿಗೆ ಹೊರಳುವುದಿಲ್ಲ. ತಪ್ಪಾದದ್ದು ಮೊದಲ ವಾರದಲ್ಲೇ: ಕಾಲಿಗೆ ಕಟ್ಟು ಹಾಕಿದ ದಿನ ಆ ಯುವಕನ ಜೊತೆ ಹಕ್ಕಿಗಳ ವಿಷಯ ಬಲ್ಲ ಇನ್ನೊಬ್ಬರು ಇರಬೇಕಿತ್ತು. ನಮ್ಮ ರಾಜ್ಯದಲ್ಲೂ ವನ್ಯಜೀವಿ ಚಿಕಿತ್ಸೆಯ ನುರಿತ ಕೇಂದ್ರಗಳು ಬಹುತೇಕ ಬೆಂಗಳೂರಿನ ಸುತ್ತ ಇವೆ. ತಾಲ್ಲೂಕಿನ ಪಶುವೈದ್ಯರು ಕಲಿತದ್ದು ದನ, ಎಮ್ಮೆ, ಕುರಿಗಳ ವೈದ್ಯ. ಗೂಬೆಯೊಂದು ಎದುರಿಗೆ ಬಂದರೆ ಅವರ ಕೈಯೂ ತಡೆಯುತ್ತದೆ. 48 ಗಂಟೆಯೊಳಗೆ ತಿಳಿಸು ಎಂದ ಕಾನೂನು, ತಿಳಿಸಿದ ಮೇಲೆ ಯಾರು ಬರುತ್ತಾರೆಂದು ಹೇಳುವುದಿಲ್ಲ.

ಎತ್ತುವವರಿಗೆ ಅಪಾಯ

ಮಗುವನ್ನು ಹಿಂದಕ್ಕೆಳೆದುಕೊಂಡ ತಾಯಿಯ ಭಯಕ್ಕೂ ಆಧಾರವಿದೆ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಫಾರಂಗಳಲ್ಲಿ. 2021ರ ಜನವರಿಯಲ್ಲಿ ಅದು ಕಾಡುಹಕ್ಕಿಗಳನ್ನು ಹಿಡಿಯಿತು. ಹಿಮಾಚಲದ ಪೋಂಗ್ ಅಣೆಕಟ್ಟಿನ ಹಿನ್ನೀರಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಸತ್ತವು. ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಕಾಗೆಗಳು ಮರದಿಂದ ಉದುರಿದವು. ಅದೇ ಜಾತಿಯ ಹೆಬ್ಬಾತುಗಳು ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಆ ವರ್ಷದ ಜುಲೈನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ದೆಹಲಿಯಲ್ಲಿ ಎಚ್5ಎನ್1 ಹಕ್ಕಿಜ್ವರದಿಂದ ತೀರಿಕೊಂಡ. ದೇಶದಲ್ಲಿ ಈ ಸೋಂಕಿನಿಂದಾದ ಮೊದಲ ಮಾನವ ಸಾವು ಅದು. ಆ ಬಳಿಕ ವಿದೇಶಗಳ ಎಷ್ಟೋ ಆರೈಕೆ ಕೇಂದ್ರಗಳು ಬಾತು, ಕಡಲಹಕ್ಕಿಗಳನ್ನು ಸೇರಿಸಿಕೊಳ್ಳುವುದಕ್ಕೇ ಮಿತಿ ಹಾಕಿಕೊಂಡವು: ಒಂದು ಸೋಂಕಿನ ಹಕ್ಕಿ ಒಳಬಂದರೆ ಒಳಗಿರುವ ರೋಗಿಗಳೆಲ್ಲ ಸಾಯಬಹುದು.

ಇದರಿಂದ ಬಿದ್ದ ಹಕ್ಕಿಯೆಲ್ಲ ಹಕ್ಕಿಜ್ವರದ್ದೇ ಎಂದುಕೊಳ್ಳುವುದು ತಪ್ಪು. ಒಂಟಿ ಹಕ್ಕಿ, ಕಣ್ಣಿಗೆ ಕಾಣುವ ಗಾಯ, ಹತ್ತಿರದಲ್ಲೇ ತಂತಿಯೋ ಗಾಜೋ ಇದ್ದರೆ ಕಾರಣ ಅದೇ ಇರಬಹುದು. ಒಂದೇ ಕಡೆ ನಾಲ್ಕಾರು ಹಕ್ಕಿಗಳು ಸತ್ತಿದ್ದರೆ, ಅಥವಾ ಹಕ್ಕಿಯ ಕತ್ತು ತಿರುಚಿಕೊಂಡು ಓಲಾಡುತ್ತಿದ್ದರೆ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಗಿಳಿ, ಪಾರಿವಾಳಗಳ ಒಣಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ತಗುಲುವ ಸಿಟಕೋಸಿಸ್ ಎಂಬ ಸೋಂಕೂ ಇದೆ. ಮಾಸ್ಕ್, ಕೈಗವಸು, ಸೋಪು ಸಾಕು. ರೇಬಿಸ್ ಭಯ ಮಾತ್ರ ಬೇಡ; ಅದು ಸಸ್ತನಿಗಳ ರೋಗ.

ದಿನನಿತ್ಯದ ಅಪಾಯ ರೋಗಕ್ಕಿಂತ ಗಾಯದ್ದು. ಹದ್ದು, ಗೂಬೆಗಳನ್ನು ಹಿಡಿಯುವವರು ಕೊಕ್ಕಿಗೆ ಹೆದರುತ್ತಾರೆ, ಆಯುಧ ಇರುವುದು ಕಾಲುಗುರಿನಲ್ಲಿ. ಮಳೆಮರದಿಂದ ಹದ್ದನ್ನು ಇಳಿಸಿದ ಅಗ್ನಿಶಾಮಕದ ಹುಡುಗನ ಅಂಗೈಗೆ ಒಂದು ಉಗುರು ಹೊಕ್ಕು, ಕೈ ಎಳೆದುಕೊಂಡಷ್ಟೂ ಹಿಡಿತ ಬಿಗಿಯಾಗುತ್ತ ಹೋಯಿತು. ಬಕ, ಕೊಕ್ಕರೆಗಳು ನೇರವಾಗಿ ಕಣ್ಣಿಗೇ ಕುಕ್ಕುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ವಿದ್ಯುತ್ ತಂತಿ. ಕಂಬಕ್ಕೆ ಸಿಕ್ಕಿಕೊಂಡ ಹಕ್ಕಿಗಾಗಿ ಉದ್ದ ಕೋಲು ಹಿಡಿದು ಹೊರಡುವ ಬದಲು ಲೈನ್‌ಮನ್‌ನನ್ನು ಕರೆದು ಕರೆಂಟು ತೆಗೆಸುವ ತನಕ ಕಾಯುವುದೇ ಸರಿ.

ಎತ್ತುವುದರಿಂದ ಹಕ್ಕಿಗೆ ಅಪಾಯ

ಚರ್ಚೆಯಲ್ಲಿ ಕಡಿಮೆ ಕೇಳಿಬರುವುದು ಇದು. ನಾನು ಕಲಿತದ್ದೂ ತಡವಾಗಿಯೇ. ವರ್ಷಗಳ ಹಿಂದೆ ಮನೆಯ ದಾಸವಾಳದ ಬುಡದಲ್ಲಿ ಪಿಕಳಾರದ ಮರಿಯೊಂದು ಕೂತಿತ್ತು. ಮೈತುಂಬ ಗರಿ, ಬಾಲ ಮಾತ್ರ ಮೋಟು. ತಾಯಿಹಕ್ಕಿ ತಂತಿಯ ಮೇಲೆ ಕೂಗುತ್ತಲೇ ಇತ್ತು. ನಾನು ಮರಿಯನ್ನು ಒಳಗೆ ತಂದು, ಬಾಯಿ ಬಿಡಿಸಿ, ಇಂಕ್ ಫಿಲ್ಲರಿನಿಂದ ನೀರು ಹಾಕಿದೆ. ಅದು ಒಮ್ಮೆ ಕೆಮ್ಮಿದಂತೆ ಮಾಡಿ, ಕತ್ತು ಚಾಚಿ, ನನ್ನ ಅಂಗೈಯಲ್ಲೇ ಸತ್ತಿತು. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ, ಮೇಲಿನಿಂದ ಬಿಟ್ಟ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು ಎಂದು ಆಮೇಲೆ ಪಶುವೈದ್ಯರೊಬ್ಬರು ಹೇಳಿದರು. ಆ ಮರಿಗೆ ಆಗ ಯಾವ ಕಷ್ಟವೂ ಇರಲಿಲ್ಲ. ಗೂಡು ಬಿಟ್ಟು ಹಾರಲು ಕಲಿಯುತ್ತಿತ್ತು, ಗುಟುಕು ಕೊಡಲು ತಾಯಿ ಎದುರಿಗೇ ಇತ್ತು. ಇವತ್ತಿಗೂ ಆ ದಾಸವಾಳದ ಹತ್ತಿರ ಹೋದರೆ ತಂತಿಯ ಮೇಲಿನ ಆ ಕೂಗು ಕಿವಿಯಲ್ಲಿ ಮೊಳಗುತ್ತದೆ.

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಊರೂರಲ್ಲೂ ಇದೆ. ಅದು ನಿಜವಲ್ಲ, ಹಕ್ಕಿಗಳು ಮರಿಯನ್ನು ಗುರುತಿಸುವುದು ಹೆಚ್ಚಾಗಿ ದನಿಯಿಂದ, ನೋಟದಿಂದ. ಆದ್ದರಿಂದ ಗರಿ ಬಂದ ಮರಿಯನ್ನು ಬೆಕ್ಕು, ನಾಯಿಗೆ ಸಿಗದ ಗಿಡದ ಮೇಲೆ ಕೂರಿಸಿ ದೂರ ಸರಿಯಬಹುದು. ಗರಿಯಿಲ್ಲದ ಮರಿಯಾದರೆ ಗೂಡಿಗೇ ಸೇರಿಸಬಹುದು. ಗಾಜಿಗೆ ಬಡಿದ ಹಕ್ಕಿಗೆ ಬೇಕಾದದ್ದು ಕತ್ತಲೆ ಮತ್ತು ನಿಶ್ಶಬ್ದ. ಅಕ್ಟೋಬರಿನಲ್ಲಿ ಉತ್ತರದಿಂದ ದಣಿದು ಬರುವ ನವರಂಗ ಹಕ್ಕಿ ಬೆಂಗಳೂರಿನ ಮನೆಗಳೊಳಕ್ಕೆ ಬಂದು ಬೀಳುವುದುಂಟು. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೊಂದು ಹತ್ತಿಬಟ್ಟೆ. ಒಂದೆರಡು ಗಂಟೆ ಯಾರೂ ಇಣುಕಬಾರದು. ಎಷ್ಟೋ ಬಾರಿ ಅಷ್ಟರಲ್ಲೇ ಚೇತರಿಸಿಕೊಂಡು ಹಾರುತ್ತದೆ. ಹಾಲು, ಬ್ರೆಡ್ಡು, ಅನ್ನ ಯಾವುದೂ ಬೇಡ. ಮನೆಯಲ್ಲಿರುವ ನೋವಿನ ಮಾತ್ರೆಯಂತೂ ಬೇಡವೇ ಬೇಡ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಭಾರತದ ರಣಹದ್ದುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದದ್ದನ್ನು ನಾವು ನೋಡಿದ್ದೇವೆ. 2006ರಲ್ಲಿ ಅದರ ಪಶುವೈದ್ಯ ಬಳಕೆಯನ್ನು ನಿಷೇಧಿಸಬೇಕಾಯಿತು.

ನಾವು ಮುದ್ದಿನಿಂದ ಕಾಡುಹಕ್ಕಿಯನ್ನು ನೇವರಿಸುವಾಗ ಅದಕ್ಕೆ ಅನ್ನಿಸುವುದು ಹಿಡಿದ ಬೇಟೆಗಾರ ತಿನ್ನಲು ತಡ ಮಾಡುತ್ತಿದ್ದಾನೆ ಎಂದು. ಬರೀ ಗಾಬರಿಯಿಂದಲೇ ಹಕ್ಕಿ ಸಾಯಬಹುದು. ಕೊಕ್ಕರೆ, ರಾಜಹಂಸಗಳಂಥ ಉದ್ದಕಾಲಿನವು ಹಿಡಿದಾಗಿನ ಒದ್ದಾಟಕ್ಕೇ ಸ್ನಾಯುಗಳು ಹಾಳಾಗಿ ಮತ್ತೆ ನಿಲ್ಲಲಾರದೆ ಹೋಗುವುದುಂಟು. ಬದುಕಿದರೂ ಇನ್ನೊಂದು ಕುತ್ತು ಕಾದಿರುತ್ತದೆ. ಮೊಟ್ಟೆಯೊಡೆದು ಬಂದ ಹೆಬ್ಬಾತುಮರಿ ಮೊದಲು ಕಂಡವರನ್ನೇ ತಾಯಿಯೆಂದು ಹಿಂಬಾಲಿಸುತ್ತದೆಂದು ಕೊನ್ರಾಡ್ ಲೊರೆನ್ಸ್ 1930ರ ದಶಕದಲ್ಲೇ ತೋರಿಸಿದರು. ಅಮೆರಿಕದಲ್ಲಿ ಅಪರೂಪದ ಕ್ರೌಂಚಗಳನ್ನು ಬೆಳೆಸುವವರು ಅದಕ್ಕೇ ಬಿಳಿ ನಿಲುವಂಗಿಯಲ್ಲಿ ಮೈಮುಖ ಮುಚ್ಚಿಕೊಂಡು, ಹಕ್ಕಿಯ ತಲೆಯಂಥ ಕೈಗೊಂಬೆಯಿಂದ ಗುಟುಕು ಕೊಡುತ್ತಾರೆ, ಮರಿಗಳ ಮುಂದೆ ಮಾತಾಡುವುದಿಲ್ಲ.

ಬಗೆಹರಿಯದೆ ಉಳಿದವು

ಮೊದಲನೆಯದು, ಮತ್ತೆಂದೂ ಹಾರಲಾರದ ಹಕ್ಕಿಯ ಪ್ರಶ್ನೆ. ಕೀಲಿನ ಹತ್ತಿರ ಮುರಿದ ರೆಕ್ಕೆ ಕೂಡಿದರೂ ಮೊದಲಿನಂತಾಗುವುದು ಕಷ್ಟ. ಆಕಾಶದ ಹಕ್ಕಿಯನ್ನು ಹತ್ತಾರು ವರ್ಷ ಜಾಲರಿಯೊಳಗೆ ಇಡುವುದು ಕರುಣೆಯೋ, ನೋವಿಲ್ಲದೆ ಕೊನೆಗಾಣಿಸುವುದು ಕರುಣೆಯೋ? ಹೊರದೇಶಗಳ ಬಹಳಷ್ಟು ಕೇಂದ್ರಗಳು ಎರಡನೆಯದನ್ನು ಒಪ್ಪಿಕೊಂಡಿವೆ. ನಮ್ಮ ಮನಸ್ಸು ಅದನ್ನು ಸುಲಭವಾಗಿ ಒಪ್ಪುವುದಿಲ್ಲ, ನನ್ನದೂ ಒಪ್ಪಿಲ್ಲ. ಆದರೆ ಮೂಲೆಯಲ್ಲಿ ಗರಿ ಸವೆದು ಕೂತ ಹದ್ದನ್ನು ಕಂಡಾಗ ನನ್ನ ನಿಲುವಿನ ಬಗ್ಗೆ ನನಗೇ ಖಾತ್ರಿ ಉಳಿಯುವುದಿಲ್ಲ. ಎರಡನೆಯದು ಶಿಬಿಯದೇ. ಒಂದು ಗೂಬೆಯನ್ನು ಗುಣಪಡಿಸಲು ಎಷ್ಟು ಕೋಳಿಮರಿ, ಎಷ್ಟು ಇಲಿ ಸಾಯಬೇಕು? ಇದ್ದದ್ದೇ ಹತ್ತು ಪಂಜರವಾದರೆ ಪಾರಿವಾಳಕ್ಕೋ, ವಲಸೆಯ ನವರಂಗಕ್ಕೋ? ಎಲ್ಲ ಜೀವವೂ ಸಮ ಎನ್ನುವವರ ಬಳಿಯೂ ಅಪರೂಪದ್ದು ಮೊದಲು ಎನ್ನುವವರ ಬಳಿಯೂ ಇದಕ್ಕೆ ಸಮಾಧಾನದ ಉತ್ತರವಿಲ್ಲ. ನಾಗರಿಕರ ಸ್ಥಾನವೂ ಕಾನೂನಿನಲ್ಲಿ ಮಸುಕು: ಎತ್ತಿಕೊಂಡವರು ಎಲ್ಲಿಯವರೆಗೆ ನೆರವಿನವರು, ಎಲ್ಲಿಂದಾಚೆಗೆ ಅಪರಾಧಿ?

ಎಲ್ಲಕ್ಕಿಂತ ದೊಡ್ಡದು ಶಾರ್ಪ್ ಕೇಳಿದ ಪ್ರಶ್ನೆ. ನಮ್ಮ ಕೇಂದ್ರಗಳು ಬಂದ ಹಕ್ಕಿಗಳನ್ನೂ ಬಿಟ್ಟ ಹಕ್ಕಿಗಳನ್ನೂ ಎಣಿಸುತ್ತವೆ. ಬಿಟ್ಟ ಮೇಲೆ ವರ್ಷಗಟ್ಟಲೆ ಹಿಂಬಾಲಿಸಿ ನೋಡುವುದು ಬಹಳ ವಿರಳ.

ಮಳೆಮರದ ಹದ್ದಿಗೆ ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಭಾಗದಲ್ಲಿ ಹರಡಿರುವ ತೆಳುಚರ್ಮ ಸೀಳಿಹೋಗಿತ್ತು. ಮೂಳೆ ಉಳಿದಿದ್ದರಿಂದ ಹೊಲಿಗೆ ಹಾಕಿ, ಆರು ವಾರ ಇಟ್ಟುಕೊಂಡು, ದೊಡ್ಡ ಜಾಲರಿಮನೆಯಲ್ಲಿ ಹಾರಿಸಿ ನೋಡಿದ ಮೇಲೆ ಬಿಡುವ ದಿನ ಆರೈಕೆ ಕೇಂದ್ರದವರು ನನ್ನನ್ನೂ ಕರೆದರು. ಕೆರೆಯ ಏರಿಯ ಮೇಲೆ ಡಬ್ಬಿಯ ಮುಚ್ಚಳ ತೆಗೆದಾಗ ಅದು ಒಂದು ಕ್ಷಣ ಹಾಗೇ ಕೂತಿತ್ತು, ಆಮೇಲೆ ಎಡಕ್ಕೆ ಸ್ವಲ್ಪ ವಾಲಿಕೊಂಡೇ ಮೇಲೇರಿತು. ಅದರ ಕಾಲಲ್ಲಿ ಉಂಗುರವಿರಲಿಲ್ಲ. ಸಂಜೆಯ ಗಾಳಿಗೆ ಕೆರೆಯ ಮೇಲೆ ನಲವತ್ತೋ ಐವತ್ತೋ ಹದ್ದುಗಳು ಸುತ್ತುತ್ತಿದ್ದವು. ಎರಡು ನಿಮಿಷದ ಮೇಲೆ ಅವುಗಳಲ್ಲಿ ನಾವು ಬಿಟ್ಟದ್ದು ಯಾವುದೆಂದು ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ.